ದಡದ ಮೇಲೊಂದು ಲೈಫ್ ಜಾಕೆಟ್

ನಮ್ಮ ಸೋದರಮಾವನ ಮನೆಯಲ್ಲಿ ಕೊಡೆ ಇಲ್ಲ. ಲೈಫ್ ಜಾಕೆಟ್ ಮಾತ್ರ ಆರು ಇವೆ. ಮನೆ ಕಡಲತೀರದಲ್ಲಿದ್ದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಮನೆ ಇರುವುದು ಮಧುಗಿರಿಯಲ್ಲಿ, ಬೋಳು ಬಂಡೆಯ ಬೆಟ್ಟದ ಬುಡದಲ್ಲಿ. ನಲ್ಲಿಯಲ್ಲಿ ನೀರು ಬಂದರೆ ಬೀದಿಯವರು ಒಬ್ಬರನ್ನೊಬ್ಬರು ಕೂಗಿ ಎಬ್ಬಿಸುತ್ತಾರೆ. ಅಲ್ಲಿ ಯಾರಾದರೂ ಮುಳುಗುವುದೆಂದರೆ ಮೊದಲು ಟ್ಯಾಂಕರಿಗೆ ಫೋನ್ ಮಾಡಿ ನೀರು ತರಿಸಬೇಕು.

ಆರೂ ಜಾಕೆಟ್‌ಗಳು ಕಿತ್ತಳೆ ಬಣ್ಣದವು. ಹಜಾರದ ಗೋಡೆಯಲ್ಲಿ, ಬೇರೆ ಮನೆಗಳಲ್ಲಿ ಹಿರಿಯರ ಫೋಟೋ ಇರುವ ಜಾಗದಲ್ಲಿ, ಮೊಳೆಗಳಿಗೆ ತೂಗುಹಾಕಿವೆ. ಹಿರಿಯರು ಅಡುಗೆಮನೆಯ ಪಕ್ಕಕ್ಕೆ ವರ್ಗವಾಗಿದ್ದಾರೆ. ಹೊಸದಾಗಿ ಬಂದವರು ಗೋಡೆ ನೋಡಿ, ಮಾವನ ಮುಖ ನೋಡಿ, "ತಾವು ನೇವಿಯಲ್ಲಿದ್ರಾ ಸಾರ್?" ಎಂದು ಕೇಳುತ್ತಾರೆ. ಉತ್ತರ ಒಳಗಿನಿಂದ ಅತ್ತೆಯದು: "ಪಾವಗಡದ ಬಸ್ಸಲ್ಲಿದ್ರು."

ಹೌದು, ಮಾವ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಮಧುಗಿರಿ–ಪಾವಗಡ ರಸ್ತೆಯಲ್ಲಿ ಮೂರು ದಶಕ "ರೈಟ್" ಮತ್ತು "ಹೋಲ್ಡಾನ್" ಎಂಬ ಎರಡು ಪದಗಳಲ್ಲಿ ಲೋಕವನ್ನು ನಡೆಸಿದವರು. ಕೊನೆಯ ಪ್ರಯಾಣಿಕ ಹತ್ತಿದ ಮೇಲೆಯೇ ತಾವು ಹತ್ತುವುದು, ಬಾಗಿಲು ಹಾಕಿದ ಮೇಲೆಯೇ ರೈಟ್ ಹೇಳುವುದು ಅವರ ಪದ್ಧತಿ. ನಿವೃತ್ತರಾದ ಮೇಲೂ ಅದು ಹೋಗಲಿಲ್ಲ. ಮದುವೆ ಊಟದಲ್ಲಿ ಪಂಕ್ತಿ ಪೂರ್ತಿ ಕೂತಿದೆಯೇ ಎಂದು ನೋಡಿಕೊಂಡು, ಬಡಿಸುವವರಿಗೆ ಅವರು ರೈಟ್ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಕೇಳಿದ್ದನ್ನು, ಕಂಡದ್ದನ್ನು ಬಿಟ್ಟು ಬೇರೆ ಬರೆಯಬಾರದೆಂಬುದು ಪತ್ರಿಕೆಯ ಕೆಲಸ ಕಲಿಸಿದ ಪಾಠ. ಹಾಗಾಗಿ ಇಲ್ಲಿ ಉತ್ಪ್ರೇಕ್ಷೆ ಕಂಡರೆ ಅದು ಮಾವನದು, ನನ್ನದಲ್ಲ.

ಈ ಜಾಕೆಟ್ ಹುಚ್ಚು ಹತ್ತಿದ್ದು ನಿವೃತ್ತಿಯ ನಂತರ. ಹಳೆಯ ಸಹೋದ್ಯೋಗಿಗಳೆಲ್ಲ ಸೇರಿ ಯಾವುದೋ ಜಲಾಶಯಕ್ಕೆ ಪ್ರವಾಸ ಹೋಗಿದ್ದರು. ದೋಣಿ ಹತ್ತುವಾಗ ಮಾವ ಗಮನಿಸಿದ್ದು, ಒಳಗೆ ಕಿಕ್ಕಿರಿದು ಕೂತವರೆಲ್ಲ ಲೈಫ್ ಜಾಕೆಟ್‌ಗಳನ್ನು ಮಡಿಸಿ ದಿಂಬಿನ ಹಾಗೆ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಿದ್ದಾರೆ. ಇದೇನೆಂದು ದೋಣಿಯವನನ್ನು ಕೇಳಿದರೆ, "ಹಾಕ್ಕೊಂಡ್ರೆ ಫೋಟೋ ಚೆನ್ನಾಗಿ ಬರಲ್ಲ ಸಾರ್" ಎಂದನಂತೆ. ಮಾವ ಇಳಿದುಬಿಟ್ಟರು. ಊರಿಗೆ ಬಂದವರೇ ಮಗಳ ಕೈಗೆ ಫೋನ್ ಕೊಟ್ಟು ಆರು ಜಾಕೆಟ್ ತರಿಸಿದರು.

"ದೋಣೀಲಿ ಜನ ಜಾಸ್ತಿ ಅಂತ ಇಳಿದ್ಬುಟ್ರಲ್ಲ, ಪಾವಗಡದ ಬಸ್ಸಲ್ಲಿ ನೀವೆಂಗೆ ತುಂಬ್ತಿದ್ರಿ? ಟಾಪ್ ಮ್ಯಾಗೆಲ್ಲಾ ಜನ ಇರ್ತಿದ್ರು" ಎಂದು ಅತ್ತೆ ಕೇಳಿದರು.

"ಬಸ್ಸು ಮುಳುಗಲ್ಲ ಕಣೆ. ಕೆಟ್ಟು ನಿಂತ್ಕತದೆ ಅಷ್ಟೆ" ಎಂದರು ಮಾವ.

ಹಿಂದೆ ಕುಟುಂಬದಲ್ಲಿ ಏನಾದರೂ ಆಗಿತ್ತೇ, ಯಾರಾದರೂ ನೀರುಪಾಲಾಗಿದ್ದರೇ ಎಂದು ನಾನು ಒಮ್ಮೆ ವಿಚಾರಿಸಿದೆ. ಇಂಥ ಕಥೆಗಳ ಹಿಂದೆ ಅಂಥದ್ದೊಂದು ಕಾರಣ ಇರಬೇಕಲ್ಲವೇ? ಏನೂ ಇರಲಿಲ್ಲ. ಮಾವ ನನ್ನನ್ನು ಕನಿಕರದಿಂದ ನೋಡಿ ಹೇಳಿದರು: "ಆದ್ಮೇಲೆ ಹಾಕ್ಕಳಾದೇನ್ಲಾ ಅದು?"

ಜಾಕೆಟ್ ಬಂದ ಮೇಲೆ ಪರೀಕ್ಷೆಯಾಗಬೇಕಲ್ಲ. ಮಧುಗಿರಿಯಲ್ಲಿ ತೇಲಿಸಿ ನೋಡುವಷ್ಟು ನೀರು ಸಿಗಲಿಲ್ಲ. ಪಾವಗಡದ ಹತ್ತಿರ ಮಾವನಿಗೆ ಪರಿಚಯದ ರೈತರೊಬ್ಬರ ಹೊಲದಲ್ಲಿ ಕೃಷಿಹೊಂಡ ತುಂಬಿದೆ ಎಂದು ಗೊತ್ತಾಗಿ, ಒಂದು ಜಾಕೆಟ್ ಹಿಡಿದು ತಮ್ಮ ಹಳೆಯ ಬಸ್ಸಿನಲ್ಲೇ ಹೋದರು. ನಾನೂ ಜೊತೆಗಿದ್ದೆ. ಮನುಷ್ಯರನ್ನು ಇಳಿಸುವುದು ಮಾವನಿಗೆ ಒಪ್ಪಿಗೆಯಿಲ್ಲ, ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕಾಲು ಜಾರಿದರೆ ಮೇಲೆ ಹತ್ತಲಾಗುವುದಿಲ್ಲ. ಆದ್ದರಿಂದ ಅಲ್ಲೇ ಇದ್ದ ಕಡಲೆಕಾಯಿ ಮೂಟೆಯೊಂದಕ್ಕೆ ಜಾಕೆಟ್ ತೊಡಿಸಿ, ಬಕಲ್ ಹಾಕಿ, ಹಗ್ಗ ಕಟ್ಟಿ ನೀರಿಗೆ ಬಿಟ್ಟರು. ಮೂಟೆ ಗತ್ತಿನಿಂದ ತೇಲಿತು. ಮಾವ ತಾವೇ ಅದನ್ನು ಕಂಡುಹಿಡಿದವರ ಹಾಗೆ ನಮ್ಮ ಕಡೆ ತಿರುಗಿದರು.

ರೈತರು ಬೀಡಿ ಹಚ್ಚುತ್ತ, ಕಡಲೆಕಾಯಿಯನ್ನು ಶನಕ್ಕಾಯ ಎನ್ನುವ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು: "ಶನಕ್ಕಾಯ ಹೆಂಗಿದ್ರೂ ತೇಲ್ತದೆ ಕಂಡಕ್ಟ್ರೂ. ಜಾಕೆಟ್ ಯಾಕೆ ಅದ್ಕೆ?"

ಹಿಂತಿರುಗುವಾಗ ಬಸ್ಸಿನಲ್ಲಿ ಮಾವನ ಪಕ್ಕದ ಸೀಟಿನಲ್ಲಿ ಆ ಒದ್ದೆ ಕಡಲೆಕಾಯಿ ಮೂಟೆ ಕೂತಿತ್ತು. ರೈತರು ಅದನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿರಲಿಲ್ಲ.

ಅಲ್ಲಿಂದ ಮುಂದೆ ಪರೀಕ್ಷೆ ಮನುಷ್ಯರ ಮೇಲೆಯೇ ನಡೆಯಿತು, ಆದರೆ ನೆಲದ ಮೇಲೆ. ಮನೆಗೆ ಬಂದವರು ಕೂತು ಸುಧಾರಿಸಿಕೊಳ್ಳುವ ಮೊದಲೇ ಜಾಕೆಟ್ ಅವರ ಮೈಮೇಲಿರುತ್ತಿತ್ತು. ಕಾಫಿ ಬರುವ ಹೊತ್ತಿಗೆ ಅತಿಥಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತಿದ್ದರು. ಬಕಲ್‌ಗಳನ್ನೆಲ್ಲ ಹಾಕಿ, ಪಟ್ಟಿ ಎಳೆದು ಬಿಗಿಮಾಡಿ, "ಎರಡೂ ಕೈ ಮೇಲಕ್ಕೆತ್ತು" ಎಂದು ಹೇಳಿ, ಹಿಂದಿನಿಂದ ಬಂದು ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಜಗ್ಗುವರು. ಜಾಕೆಟ್ ಅಲುಗದಿದ್ದರೆ ಅಳತೆ ಸರಿ ಎಂದರ್ಥ. ಕಿವಿಯವರೆಗೆ ಬಂದರೆ ದೊಡ್ಡದು. ನನ್ನದು ಕಿವಿ ದಾಟಿತು.

"ಇದು ನಿಂದಲ್ಲ ಕಣ್ಲಾ. ನಿಮ್ಮಪ್ಪಂಗಾಗ್ತದೆ. ತಗಿ" ಎಂದರು.

ಮೊಮ್ಮಗಳಿಗೆ ತೊಡೆಯ ಸಂದಿಯಿಂದ ಬರುವ ಪಟ್ಟಿಯೂ ಇರುವ ಪುಟ್ಟ ಜಾಕೆಟ್. ಆರು ವರ್ಷದ ಅವಳೊಬ್ಬಳೇ ಈ ಮನೆಯಲ್ಲಿ ಮಾವನ ಮಾತು ಕೇಳುವವಳು. ಜಾಕೆಟ್ಟಿಗೆ ಕಟ್ಟಿದ್ದ ಸೀಟಿಯೇ ಅದಕ್ಕೆ ಕಾರಣ. ಅವಳು ಆ ಸೀಟಿ ಊದಿ ಊದಿ ಬೀದಿಯ ನಾಯಿಗಳು ಮಧ್ಯಾಹ್ನದ ನಿದ್ದೆಯನ್ನೇ ಬಿಟ್ಟವು.

ಇಷ್ಟೆಲ್ಲ ಆದರೂ ಒಂದು ವಿಚಿತ್ರ ಉಳಿಯಿತು. ಮಾವ ದೋಣಿ ಹತ್ತುತ್ತಿರಲಿಲ್ಲ. ಕುಟುಂಬದ ಪ್ರವಾಸಗಳಲ್ಲಿ ನಮ್ಮೆಲ್ಲರಿಗೂ ಜಾಕೆಟ್ ತೊಡಿಸಿ, ಜಗ್ಗಿ ನೋಡಿ, ದೋಣಿಯಲ್ಲಿ ಯಾರೂ ಎದ್ದು ನಿಲ್ಲಬಾರದು, ಅಂಚಿಗೆ ವಾಲಬಾರದು ಎಂದು ಎಚ್ಚರಿಸಿ, ರೈಟ್ ಹೇಳಿ ಕಳಿಸುವರು. ಆಮೇಲೆ ತಮ್ಮ ಜಾಕೆಟ್ಟನ್ನು ತಾವೂ ತೊಟ್ಟು, ಬಕಲ್ ಹಾಕಿಕೊಂಡು, ದಡದ ಮೇಲೆ ನಿಲ್ಲುವರು. ನಾವು ಸುತ್ತು ಹೊಡೆದು ಬರುವವರೆಗೂ ಹಾಗೇ. ಕುಳಿತುಕೊಳ್ಳುತ್ತಲೂ ಇರಲಿಲ್ಲ.

ಒಣ ನೆಲದ ಮೇಲೆ ಲೈಫ್ ಜಾಕೆಟ್ ತೊಟ್ಟು ನಿಂತ ಮನುಷ್ಯನನ್ನು ನೀವು ನೋಡಿದ್ದೀರಾ? ಜನ ನಿಂತು ನೋಡುತ್ತಾರೆ. ಒಮ್ಮೆ ಒಂದು ಜಲಾಶಯದಲ್ಲಿ ನಾವು ಮರಳಿ ದಡ ಸೇರುವಾಗ ಮಾವನ ಮುಂದೆ ಸಾಲು ನಿಂತಿತ್ತು. ಕಿತ್ತಳೆ ಜಾಕೆಟ್ ಕಂಡು ಪ್ರವಾಸಿಗರು ಇವರೇ ಬೋಟಿನ ಸಿಬ್ಬಂದಿ ಎಂದುಕೊಂಡು ಟಿಕೆಟ್ ಚಾಚಿದ್ದರು. ಹಳೆಯ ಕೈ, ಸುಮ್ಮನಿರುತ್ತದೆಯೇ? ಮಾವ ಒಂದೊಂದನ್ನೂ ತೆಗೆದುಕೊಂಡು, ನೋಡಿ, ತುದಿ ಹರಿದು ವಾಪಸ್ ಕೊಡುತ್ತಿದ್ದರು. ನಿಜವಾದ ಸಿಬ್ಬಂದಿ ದೂರದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ. ಕೆಲಸ ಸರಿಯಾಗಿಯೇ ನಡೆಯುತ್ತಿದೆ ಎಂದು ಅವನಿಗೆ ಅನಿಸಿರಬೇಕು.

ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದು ಒಂದೇ: ಮಾವನಿಗೆ ನೀರೆಂದರೆ ಹೆದರಿಕೆ, ಅದೂ ಎಂಥ ಹೆದರಿಕೆ, ದಡದಲ್ಲಿ ನಿಂತರೂ ಜಾಕೆಟ್ ಬೇಕು. ಅತ್ತೆಯಂತೂ ನೆಂಟರ ಮುಂದೆಲ್ಲ, "ನಮ್ಮೋರು ದಡದ ಮೇಲೂ ಮುಳುಗಬಲ್ಲವರು" ಎಂದು ಪರಿಚಯಿಸುತ್ತಿದ್ದರು. ಮಾವನೂ ನಗುತ್ತಿದ್ದರು.

ಹೋದ ವರ್ಷ ಅತ್ತೆಯ ತವರಿನ ಕೆರೆ ಕೋಡಿ ಬಿತ್ತು. ಕಳ್ಳಂಬೆಳ್ಳದ ಆಚೆಗಿನ ಒಂದು ಹಳ್ಳಿ ಅದು. ಎಷ್ಟೋ ವರ್ಷ ಬರಿದಾಗಿದ್ದ ಕೆರೆ ತುಂಬಿ ಹರಿದಾಗ ಊರಿನವರು, ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳನ್ನೆಲ್ಲ ಬಾಗಿನ ಕೊಡಲು ಕರೆಸಿದರು. ಎಲ್ಲಿಂದಲೋ ಒಂದು ಎಂಜಿನ್ ದೋಣಿಯನ್ನೂ ತರಿಸಿದ್ದರು. ಒಂದೊಂದು ಮನೆಯವರು ಸರದಿಯಂತೆ ದೋಣಿಯಲ್ಲಿ ಕೆರೆಯ ನಡುವಿಗೆ ಹೋಗಿ, ಗಂಗಮ್ಮನಿಗೆ ಮೊರದ ಬಾಗಿನ ಬಿಟ್ಟು ಬರುವುದು.

ಅತ್ತೆ ಹೊಸ ರೇಷ್ಮೆ ಸೀರೆ ಉಟ್ಟು, ಮೊಳಗಟ್ಟಲೆ ಮಲ್ಲಿಗೆ ಮುಡಿದು ಹೊರಟರು. ಮಾವ ಆರು ಜಾಕೆಟ್‌ಗಳ ಮೂಟೆ ಹೊತ್ತು ಹಿಂದೆ ಬಂದರು. ಅತ್ತೆ, ಅವರ ಮಗಳು, ಮೊಮ್ಮಗಳು, ಅತ್ತೆಯ ತಮ್ಮ, ನಾನು ಮತ್ತು ದಡದ ಮೇಲೆ ಮಾವ. ಲೆಕ್ಕ ಸರಿಯಾಗಿತ್ತು.

ದಡದಲ್ಲಿ ಜಗಳ ಶುರುವಾಯಿತು. ಮೊದಲು ತಗಾದೆ ತೆಗೆದವರು ಅತ್ತೆಯ ತಮ್ಮ. ಹುಟ್ಟಿ ಬೆಳೆದ ಊರು, ಎದೆಯುಬ್ಬಿಸಿ ನಿಂತರು.

"ಭಾವ, ಈ ಕೆರೆ ನಂಗೆ ಗೊತ್ತಿಲ್ವಾ? ಅಗೋ ಆ ಹಂಬು ತೇಲ್ತಾ ಐತಲ್ಲ, ಅಲ್ಲೇ ನಮ್ಮ ಪಿಚ್ ಇದ್ದಿದ್ದು. ಬೌಲಿಂಗ್ ಮಾಡಿದ ಜಾಗದಲ್ಲಿ ಮುಳುಗೋಕಾಯ್ತದಾ?"

ಸಾಲಿನಲ್ಲಿದ್ದ ಗಂಡಸರೆಲ್ಲ ತಲೆಯಾಡಿಸಿದರು. ಬರಗಾಲದಲ್ಲಿ ಬೆಳೆದ ಆ ತಲೆಮಾರಿನವರೆಲ್ಲರಿಗೂ ಕೆರೆ ಎಂದರೆ ಆಟದ ಬಯಲು. ಅಂಗಳವನ್ನು ತಿಳಿದಂತೆ ತಿಳಿದಿದ್ದರು. ಅವರಲ್ಲಿ ಒಬ್ಬರಿಗೂ ಈಜು ಬಾರದು. ಕಲಿಯಲು ನೀರೆಲ್ಲಿತ್ತು?

"ಪಿಚ್ ಗೊತ್ತು ಕಣಪ್ಪ. ಆಮ್ಯಾಕೆ ಜೆಸಿಬಿ ಬಂದು ಮಣ್ಣು ಹೊಡೀತಲ್ಲ, ಅದು ಎಲ್ಲೆಲ್ಲಿ ತೋಡ್ತು?" ಎಂದು ಮಾವ ಕೇಳಿದರು.

ಅತ್ತೆಯ ತಮ್ಮ ನೀರಿನ ಕಡೆ ನೋಡಿದರು. ನೀರು ಎಲ್ಲ ಕಡೆ ಒಂದೇ ಥರ ಕಾಣುತ್ತಿತ್ತು. "ಎಲ್ಲಾ ಕಡೆನೂ ತೋಡವ್ರೆ" ಎಂದು ಮೆಲ್ಲಗೆ ಹೇಳಿ ಜಾಕೆಟ್ಟಿಗೆ ಕೈಚಾಚಿದರು. ದೋಣಿಯವನು ತನ್ನ ಸೀಟಿನ ಕೆಳಗಿನಿಂದ ಹಳೆಯ ಜಾಕೆಟ್ಟೊಂದನ್ನು ಎಳೆದು, ಯಾರೂ ಹೇಳದಿದ್ದರೂ ತೊಟ್ಟುಕೊಂಡ.

ಅತ್ತೆ ಮಾತ್ರ ಜಗ್ಗಲಿಲ್ಲ. ಬಾಗಿನದ ಮೊರ ಹಿಡಿದು, ದೋಣಿಯ ಮಧ್ಯದ ಹಲಗೆಯ ಮೇಲೆ ಕೂತಿದ್ದರು.

"ತವರಿನ ಜನದ ಮುಂದೆ ಈ ಗೋಣಿಚೀಲ ತೊಟ್ಕಂಡು ಬಾಗಿನ ಕೊಡ್ಲಾ? ಸೀರೆ ಕಾಣಾದು ಬ್ಯಾಡ್ವಾ? ನಾನು ಒಲ್ಲೆ. ಹೊರಡಪ್ಪಾ."

"ಹೋಲ್ಡಾನ್" ಎಂದರು ಮಾವ. ದೋಣಿಯವನು ಎಂಜಿನ್ ನಿಲ್ಲಿಸಿದ.

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಯಾರೋ "ಕಂಡಕ್ಟ್ರೇ, ಬಸ್ ಬುಡಿ" ಎಂದರು. ಎಲ್ಲರೂ ನಕ್ಕರು. ಮಾವ ಒಂದು ಕೈಯಲ್ಲಿ ದೋಣಿಯ ಅಂಚು, ಇನ್ನೊಂದರಲ್ಲಿ ಅತ್ತೆಯ ಜಾಕೆಟ್ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ತಮ್ಮ ಜಾಕೆಟ್ ಆಗಲೇ ತೊಟ್ಟಿದ್ದರು. ನಲವತ್ತು ವರ್ಷ ಒಟ್ಟಿಗೆ ಬಾಳಿದವರು ಹೀಗೆ ನಾಲ್ಕು ಜನರ ಎದುರು ಪಟ್ಟು ಹಿಡಿದದ್ದನ್ನು ನಾನು ನೋಡಿರಲಿಲ್ಲ. ಹಾಕಿಕೊಳ್ಳದೆ ಬಿಡುವುದಿಲ್ಲ ಎಂದು ಇವರು, ಹಾಕಿಕೊಂಡರೆ ತವರಿನಲ್ಲಿ ಮಾನ ಹೋಯಿತೆಂದು ಅವರು.

ಸಾಲಿನ ನಗು ಅತ್ತೆಗೆ ಚುಚ್ಚಿತು. ತಮ್ಮ ಹಳೆಯ ಅಸ್ತ್ರವನ್ನೇ ತೆಗೆದರು.

"ನನಗ್ಯಾಕೆ ಅನ್ನೋದು ಹಂಗಿರ್ಲಿ. ದೋಣಿ ಹತ್ತದೇ ಇರೋರಿಗೆ ಯಾಕ್ರೀ ಜಾಕೆಟ್ಟು? ದಡದ ಮ್ಯಾಲೆ ನಿಂತ್ಕಳೋಕೆ? ಇವತ್ತು ನಮ್ಮೋರ ಮುಂದೆನೇ ಹೇಳ್ಬುಡಿ."

ಜನ ಮತ್ತೆ ನಕ್ಕರು. ಮಾವ ನಗಲಿಲ್ಲ. ಟಿಕೆಟ್ ದರ ಕೇಳಿದವರಿಗೆ ಹೇಳುವಷ್ಟೇ ಸಹಜವಾಗಿ ಹೇಳಿದರು:

"ನೀವು ಯಾರಾರ ಬಿದ್ರೆ ನಾನು ಹಾರಬೇಕಲ್ಲೇ. ನಂಗೆ ಈಜು ಬರಲ್ಲ."

ಅಷ್ಟು ವರ್ಷ, ಅಷ್ಟು ದಡಗಳಲ್ಲಿ, ಬಕಲ್ ಬಿಗಿದುಕೊಂಡು, ಕೂರದೆ, ನಮ್ಮ ದೋಣಿಯನ್ನೇ ನೋಡುತ್ತ ನಿಂತಿರುತ್ತಿದ್ದ ಆ ಕಿತ್ತಳೆ ಚುಕ್ಕೆಗೆ ನಾವು ಅತ್ತ ಕಡೆಯಿಂದ ಕೈಬೀಸಿ ನಗುತ್ತಿದ್ದೆವು. ಅವರು ಕೈಬೀಸುತ್ತಿರಲಿಲ್ಲ. ಹಾರಲು ಸಿದ್ಧರಾಗಿ ನಿಂತಿದ್ದರು.

ಅತ್ತೆ ಮೊರವನ್ನು ಮಗಳ ಕೈಗೆ ಕೊಟ್ಟರು. ಜಾಕೆಟ್ ತೆಗೆದುಕೊಂಡು ರೇಷ್ಮೆ ಸೀರೆಯ ಮೇಲೆಯೇ ತೊಟ್ಟರು. ಬಕಲ್ ಹಾಕಲು ಕೈಗೆ ತಿಳಿಯಲಿಲ್ಲ. ಅಷ್ಟು ವರ್ಷ ಕಲಿತಿರಲೇ ಇಲ್ಲವಲ್ಲ. ಮಾವ ಹಾಕಿ, ಪಟ್ಟಿ ಬಿಗಿಮಾಡಿದರು. ಅತ್ತೆ ತಾವಾಗಿಯೇ ಎರಡೂ ಕೈ ಮೇಲೆತ್ತಿದರು. ಮಾವ ಭುಜದ ಪಟ್ಟಿ ಹಿಡಿದು ಜಗ್ಗಿ ನೋಡಿದರು. ಅಲುಗಲಿಲ್ಲ. ಒಂದೆರಡು ಮಲ್ಲಿಗೆ ಉದುರಿದವು.

"ಈಗ ಹತ್ತಿ ನೀವೂ" ಎಂದರು ಅತ್ತೆ. "ಹಾರೋದು ಗೀರೋದು ಏನೂ ಬ್ಯಾಡ."

ಮಾವ ದಡದ ಕಡೆ ನೋಡಿದರು, ನೀರಿನ ಕಡೆ ನೋಡಿದರು. ಆಮೇಲೆ ಎಂದಿನಂತೆ ಎಲ್ಲರಿಗಿಂತ ಕೊನೆಯಲ್ಲಿ ಹತ್ತಿ ಅತ್ತೆಯ ಪಕ್ಕ ಕೂತರು. ಎರಡೂ ಕೈ ಹಲಗೆಯ ಅಂಚನ್ನು ಬಿಡಲಿಲ್ಲ. ಅತ್ತೆ ಅವರ ಜಾಕೆಟ್ಟಿನ ಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

ದೋಣಿಯವನು ಮಾವನ ಮುಖ ನೋಡುತ್ತ ಕಾದ. ನಾವೆಲ್ಲ ಕಾದೆವು. ಮಾವ ಬಾಯಿ ತೆರೆದರು. ಮೂರು ದಶಕ ಒಂದು ರಸ್ತೆಯನ್ನೇ ನಡೆಸಿದ ಆ ಪದ ಹೊರಡಲಿಲ್ಲ.

"ರೈಟ್" ಎಂದರು ಅತ್ತೆ.