ಬ್ಯಾಳಿ ತಿಂದು ಕಲ್ಲಾದ ಫೆರೆಟ್

ಒಂದು ಊರಿನಲ್ಲಿ ಕಾಲೂರಿ ನಿಲ್ಲಲಾರದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಲಿಸ್ಬನ್ನಿನಲ್ಲಿ ಚೀಲ ಕಳೆದುಕೊಂಡಿದ್ದೇನೆ, ಕಠ್ಮಂಡುವಿನಲ್ಲಿ ಗುರುತಿಲ್ಲದವರ ಮದುವೆಯಲ್ಲಿ ಉಂಡೆದ್ದು ಬಂದಿದ್ದೇನೆ. ಆದರೆ ಹೇಳಿಕೊಳ್ಳುವಂಥ ಫಜೀತಿಗಳೆಲ್ಲ ಆದದ್ದು ಸುರಪುರದಲ್ಲಿ, ಅದೂ ಒಂದು ಪ್ರಾಣಿಯ ಮೂತ್ರಕೋಶದ ದೆಸೆಯಿಂದ.

ಕಾಲುವೆಗೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಕಾಲ ಅದು. ನೀರನ್ನು ಜಗಳವಿಲ್ಲದೆ ಹಂಚಿಕೊಳ್ಳುವುದು ಹೇಗೆ ಎಂದು ಊರೂರಿಗೆ ಹೋಗಿ ರೈತರಿಗೆ ಹೇಳುವ ಕೆಲಸ ನನ್ನದು. ಕೆಳಗೆ ಮನೆಯೊಡತಿ ಅವ್ವ, ಮಾಳಿಗೆಯ ಮೇಲೆ ಬಾಡಿಗೆಗೆ ನಾನು ಮತ್ತು ನನ್ನ ಫೆರೆಟ್. ಹೈದರಾಬಾದಿನ ಗೆಳತಿಯೊಬ್ಬಳು ದೇಶ ಬಿಡುವಾಗ ನನ್ನ ಮಡಿಲಿಗೆ ಹಾಕಿ ಹೋಗಿದ್ದಳು. ಹೊರದೇಶಗಳಲ್ಲಿ ಇದನ್ನು ಬೆಕ್ಕಿನ ಹಾಗೆ ಸಾಕುತ್ತಾರೆ. ಉದ್ದ ಮೈ, ಗಿಡ್ಡ ಕಾಲು. ನೋಡಲು ಮುಂಗುಸಿಯ ಚಿಕ್ಕಪ್ಪನ ಮಗ.

ದರ್ಶನ

ಮನೆಯಿಂದ ಹೊರಡುವಾಗ ಮುಂಗುಸಿ ಕಂಡರೆ ಹೋದ ಕೆಲಸ ಆಗುತ್ತದೆ ಎಂಬ ನಂಬಿಕೆ ಈ ಕಡೆ ಗಟ್ಟಿ. ಹೊಲದಲ್ಲಿ ಅದು ಕಾಣುವುದು ಅದರ ಮರ್ಜಿ. ನಮ್ಮ ಮನೆಯಲ್ಲಾದರೆ ಬೇಕೆಂದಾಗ ಸಿಗುತ್ತದೆ. ಹೀಗಾಗಿ ಹೆಣ್ಣು ನೋಡಲು ಹೊರಟವರು, ಎಮ್ಮೆ ಕೊಳ್ಳಲು ಕೆಂಭಾವಿ ಸಂತೆಗೆ ಹೊರಟವರು ಎಲ್ಲ ಮೆಟ್ಟಿಲ ಕೆಳಗೆ ನಿಂತು, "ಬಾಯಾರ, ಒಂದೀಟು ಮುಂಗುಸಿ ತೋರಸ್ರಿ" ಎನ್ನತೊಡಗಿದರು.

ಓಣಿಯ ಕಿರಾಣಿ ಅಂಗಡಿಯವರು ಜಾಗದ ತಕರಾರಿಗೆ ಯಾದಗಿರಿ ಕೋರ್ಟಿಗೆ ಹೊರಟಾಗ ಎರಡೆರಡು ಸಲ ನೋಡಿ ಹೋದರು. ಸಂಜೆ ಮುಖ ಬಿಗಿದುಕೊಂಡು ಬಂದರು.

"ಏನಾತ್ರಿ?"

"ತಾರೀಖು ಮುಂದ ಹಾಕ್ಯಾರ. ಬಾಯಾರ, ನಿಮ್ಮದು ಅಸಲಿ ಮಾಲ್ ಅಲ್ಲ ಬಿಡ್ರಿ."

ಸೌಮ್ಯ ಸ್ವಭಾವ

ತಿಂಗಳ ಹೆಚ್ಚು ದಿನ ನಾನು ಹಳ್ಳಿಗಳಲ್ಲೇ, ಆಗ ಅದಕ್ಕೆ ಉಣಿಸುವವರು ಅವ್ವ. ಅದರ ಮಾಂಸದ ಆಹಾರದ ಡಬ್ಬಿ ಕೊಟ್ಟು ಹೋಗುತ್ತಿದ್ದೆ. ಅವ್ವನದು ಬೆಳಗ್ಗೆ ಲಿಂಗಪೂಜೆ ಆಗದೆ ನೀರೂ ಕುಡಿಯದ ಮನೆ, ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟಿಲ್ಲ. ಡಬ್ಬಿಯಲ್ಲೇನಿದೆ ಎಂದು ಮೂಗಿಗೆ ಗೊತ್ತಾದ ದಿನವೇ ಅದು ಹಿತ್ತಲಗೋಡೆಯ ಆಚೆ ಹೋಗಿದೆ. ಅವತ್ತಿನಿಂದ ಫೆರೆಟ್ಟಿಗೆ ತೊಗರಿಬ್ಯಾಳಿಯಲ್ಲಿ ನೆನೆಸಿದ ಜೋಳದ ರೊಟ್ಟಿ, ಮೇಲೆ ತುಪ್ಪ.

ನನಗೆ ಹೇಳಿದ್ದು ಮಾತ್ರ ತಿಂಗಳುಗಳಾದ ಮೇಲೆ, ಹೆಮ್ಮೆಯಿಂದ. "ಮಾಂಸ ಬಿಡಿಸೀನ್ರಿ. ಎಷ್ಟು ಸೌಮ್ಯ ಆಗ್ಯಾದ ನೋಡ್ರಿ! ಮೊದಲಿನಂಗ ಜಿಗದ್ಯಾಡಂಗಿಲ್ಲ, ಕಚ್ಚಂಗಿಲ್ಲ. ಮೂಲ್ಯಾಗ ಕುಂತು ಕಣ್ಣು ಮುಚ್ಚತದ, ಧ್ಯಾನ ಮಾಡಿದಂಗ."

ಆ ಮೂಲೆ ಅದು ಮೂತ್ರಕ್ಕೆ ಕೂರುವ ಮೂಲೆ. ಕೂತು ತಿಣುಕುತ್ತಿತ್ತು, ಎರಡು ಹನಿ ಬಿದ್ದರೆ ಹೆಚ್ಚು, ಸಣ್ಣಗೆ ಕಿರುಗುಟ್ಟುತ್ತಿತ್ತು. ಹೊಟ್ಟೆಯ ಕೆಳಗಿನ ಕೂದಲೆಲ್ಲ ಒದ್ದೆ. ಬುಟ್ಟಿಯಲ್ಲಿ ಹಾಕಿಕೊಂಡು ಶಹಾಪುರದ ದನದ ಡಾಕ್ಟರ ಹತ್ತಿರ ಓಡಿದೆ. ಅವ್ವನೂ ಬಂದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಧ್ಯಾನ ಅಲ್ಲವ್ವ ಇದು, ಬ್ಯಾನಿ. ಉಚ್ಚಿ ಕಟ್ಟಾಕತ್ತೇದ" ಎಂದರು.

ಅವ್ವ ನನ್ನ ಕಡೆ ತಿರುಗಿ, "ಹೊಸಾದಾಗಿ ಧ್ಯಾನಕ್ಕ ಕುಂತವರಿಗೆ ಹಂಗ ಆಗ್ತದ ಬಿಡ್ರಿ" ಎಂದರು.

ಇಬ್ಬರ ಫೋಟೊ

ದನದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಇರಲಿಲ್ಲ. ಡಾಕ್ಟರು ಗುರುತಿನವರಿಗೆ ಹೇಳಿ ಮನುಷ್ಯರ ಎಕ್ಸ್‌ರೇ ಅಂಗಡಿಗೆ ಕಳಿಸಿದರು. ಅಲ್ಲಿ ಬೆಂಚಿನ ತುಂಬ ಸೊಂಟ ಹಿಡಿದುಕೊಂಡು ಕೂತ ಜನ. ಬಿಸಿಲಲ್ಲಿ ದುಡಿದು ನೀರು ಕುಡಿಯಲು ಮರೆಯುವ ಈ ಸೀಮೆಯಲ್ಲಿ ಮೂತ್ರದ ಕಲ್ಲಿಲ್ಲದ ಮನೆಯಿಲ್ಲ, ಔಷಧ ಗೊತ್ತಿಲ್ಲದ ಬಾಯಿಯೂ ಇಲ್ಲ. "ಬಾಳಿದಿಂಡಿನ ರಸ ಹಾಕ್ರಿ." "ಹುರಳಿ ಕಟ್ಟು ಕುಡಸ್ರಿ." "ಬೀರ್ ಒಂದ ಗ್ಲಾಸ್—" ಎಂದವನನ್ನು ಅವ್ವ ಕಣ್ಣಲ್ಲೇ ಕೂರಿಸಿದರು.

ನಮ್ಮ ಚಿತ್ರ ಬಂತು. ಪಕ್ಕದಲ್ಲಿದ್ದ ದಪ್ಪ ಮೀಸೆಯ ರೈತ ತನ್ನದನ್ನೂ ನಮ್ಮದನ್ನೂ ಕಿಟಕಿಯ ಬೆಳಕಿಗೆ ಜೋಡಿಯಾಗಿ ಹಿಡಿದ. ಅವನದು ಸಾಸಿವೆಯಷ್ಟು, ಫೆರೆಟ್ಟಿನದು ಕಡಲೆಯಷ್ಟು. ಎರಡು ದಿನದಿಂದ ಹೊರಳಾಡಿ ಅತ್ತಿದ್ದನಂತೆ. ಹೆಂಡತಿ ಚಿತ್ರ ನೋಡಿದಳು, ಬುಟ್ಟಿ ನೋಡಿದಳು, ಗಂಡನನ್ನು ನೋಡಿದಳು.

"ಇಷ್ಟಕ್ಕ ಓಣಿ ಮಂದೀನೆಲ್ಲ ಎಬ್ಬಿಸಿದ್ದ್ಯಾ?"

ಹೈದರಾಬಾದಿನ ಪಥ್ಯ

ಡಾಕ್ಟರ ಸಹಪಾಠಿಯೊಬ್ಬರು ಹೈದರಾಬಾದಿನಲ್ಲಿ ಸಣ್ಣ ಪ್ರಾಣಿಗಳಿಗೆ ಆಪರೇಷನ್ ಮಾಡುತ್ತಿದ್ದರು. ಅವತ್ತೇ ಯಾದಗಿರಿಗೆ ಹೋಗಿ ರೈಲು ಹತ್ತಿದೆ. ಕಲ್ಲು ತೆಗೆದು ಅವರು ತಿಳಿಸಿ ಹೇಳಿದರು: ಈ ಪ್ರಾಣಿಯ ಹೊಟ್ಟೆ ಇರುವುದು ಮಾಂಸಕ್ಕೆ. ಕಾಳು, ಬೇಳೆ, ರೊಟ್ಟಿಯಲ್ಲಿ ಬೆಳೆಸಿದರೆ ಮೂತ್ರದ ಹುಳಿಗುಣ ಹೋಗಿ ಹರಳು ಕಟ್ಟುತ್ತದೆ. ಕೆಲವಕ್ಕೆ ಸೋಂಕಿನಿಂದಲೂ ಆಗುತ್ತದೆ, ಕೆಲವಕ್ಕೆ ವಂಶದಿಂದ. ಇನ್ನು ಮಾಂಸವೇ ಊಟ, ಎಲ್ಲಿ ತಿರುಗಿದರೂ ನೀರು ಸಿಗಬೇಕು, ಆಗಾಗ ಮೂತ್ರ ಪರೀಕ್ಷೆ ಮಾಡಿಸಬೇಕು. ಇದು ಗಂಡು, ಮೂತ್ರದ ದಾರಿ ಸಣ್ಣದು. ಪೂರ್ತಿ ಕಟ್ಟಿದರೆ ನಾಳೆ ನೋಡೋಣ ಎನ್ನುವಂತಿಲ್ಲ, ಸಾಯುತ್ತದೆ.

ಮರಳಿ ಬಂದು ಎಲ್ಲವನ್ನೂ ಅವ್ವನಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. ನಾನು ಮಾಳಿಗೆಯಲ್ಲಿ ಕಿಟಕಿ ಮುಚ್ಚಿ ಕೋಳಿ ಬೇಯಿಸುವುದಕ್ಕೆ ಒಪ್ಪಿದರು. ತಾವೇ ನಾಲ್ಕು ಕಡೆ ನೀರಿನ ಬಟ್ಟಲಿಟ್ಟರು. ಡಾಕ್ಟರು ಸೀಸೆಯಲ್ಲಿ ಹಾಕಿ ಕೊಟ್ಟಿದ್ದ ಕಲ್ಲು ತೋರಿಸಿದೆ. ಅವ್ವ ಕಿಟಕಿಯಾಚೆಯ ಗುಡ್ಡದ ಬಂಡೆಗಳನ್ನು ನೋಡಿದರು.

"ನಮ್ಮೂರಾಗ ಏನು ಕಡಿಮಿ ಆಗಿತ್ತಂತ ಇದನ್ನ ಅಲ್ಲಿಂದ ಹೊತ್ಕೊಂಡು ಬಂದ್ರಿ?"

ಶ್ರಾವಣ

ಅಷ್ಟರಲ್ಲಿ ಶ್ರಾವಣ ಬಂತು. ಮಾಂಸ ತಿನ್ನುವವರೂ ಬಿಡುವ ತಿಂಗಳು. ನನಗೋ ತಿಂಥಣಿ ಕಡೆಯ ಹಳ್ಳಿಗಳಲ್ಲಿ ಕೆಲಸ, ವಾರಗಟ್ಟಲೆ.

"ಶ್ರಾವಣದಾಗ ನನ್ನ ಕೈಲೆ ಕೋಳಿ ಹಾಕಸ್ತೀರೇನ್ರಿ? ನನ್ನ ಗತಿ ಏನು?"

"ಬ್ಯಾಳಿ ಹಾಕಿದರ ಮತ್ತ ಕಲ್ಲಾಗ್ತದವ್ವ. ಈ ಸಲ ಉಳಿಯಂಗಿಲ್ಲ. ಬಿಡ್ರಿ, ನಾನೇ ಹೋಗಂಗಿಲ್ಲ."

"ನೀವು ಎಂದರ ಒಂದು ಕಡಿ ಕುಂತೀರೇನು? ಸುಮ್ಮ ಹೇಳಬ್ಯಾಡ್ರಿ."

ಆ ದಿನ ಅವ್ವ ಉಣ್ಣಲಿಲ್ಲ. ವ್ರತ ಬಿಟ್ಟರೆ ಪಾಪ, ಜೀವ ಹೋದರೆ ಇನ್ನೂ ದೊಡ್ಡ ಪಾಪ. ಮರುದಿನ ಬೆಳಗ್ಗೆ ಬುಟ್ಟಿಯನ್ನು ಸೆರಗಲ್ಲಿ ಮುಚ್ಚಿಕೊಂಡು ಮಠಕ್ಕೆ ಹೊರಟರು, ಹಿಂದೆ ನಾನು. ವಯಸ್ಸಾದ ಅಯ್ಯನವರು ಎಲ್ಲ ಕೇಳಿಸಿಕೊಂಡರು.

"ಕೋಳಿ ತಿನ್ನದಿದ್ರ ಸಾಯ್ತದೇನು?"

"ಹೌದಂತ್ರೀ ಅಪ್ಪಾವರ."

"ಇದಕ್ಕ ಯಾರರ ಲಿಂಗ ಕಟ್ಯಾರೇನು?"

"ಅಯ್ಯ, ಇಲ್ರೀ!"

"ದೀಕ್ಷಾ ಆಗ್ಯಾದೇನು?"

"ಇಲ್ರೀ."

"ಮತ್ತ ಇದಕ್ಕೆಲ್ಲಿ ಶ್ರಾವಣ ತಂದಿ? ವ್ರತ ನಿಂದು, ಹೊಟ್ಟಿ ಅದರದು. ಹಾಕು ಹೋಗು."

ಅವ್ವನಿಗೆ ಹೋದ ಜೀವ ಬಂದಂತಾಯಿತು. ಕಾಲಿಗೆರಗಿ ಎದ್ದರು.

"ಎಲ್ಲಿ, ಪ್ರಾಣಿ ನೋಡೂಣು" ಎಂದರು ಅಯ್ಯನವರು.

ಅವ್ವ ಯಾಕೋ ಬುಟ್ಟಿಯನ್ನು ಹಿಂದಕ್ಕೆ ಸರಿಸಿದರು. ಒಳಗಿನದು ಮುಚ್ಚಳ ನೂಕಿ ತಾನೇ ತಲೆ ಹೊರಗೆ ಹಾಕಿತು. ಹಣೆಯ ಮೇಲೆ ಅಚ್ಚುಕಟ್ಟಾಗಿ ಮೂರು ಪಟ್ಟೆ ವಿಭೂತಿ.

ಅಯ್ಯನವರು ಅದನ್ನು ನೋಡಿದರು, ಅವ್ವನನ್ನು ನೋಡಿದರು. ಅವ್ವ ನೆಲ ನೋಡಿದರು.

"ಪೂಜಿ ಆದ ಮ್ಯಾಲ ಬೆರಳಿಗೆ ಉಳದದ್ದು ಹಚ್ಚತೀನ್ರೀ ಅಪ್ಪಾವರ. ಪಾಪ, ಸುಮ್ಮ ಹಚ್ಚಿಸ್ಕೊಂತದ."

ಅಯ್ಯನವರು ಶಾಲಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಕೆಮ್ಮಿದರು.

"ಹಂಗಾದ್ರ ಒಂದ ಮಾಡವ್ವ. ಮೊದಲ ಅದರ ಮಾರಿ ತೊಳಿ, ಆಮ್ಯಾಲ ಕೋಳಿ ಹಾಕು."