ನೆಗೆಣ್ಣಿಯ ಕಣ್ಣು, ನನ್ನ ಪಕ್ಕಡ

ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ತನ್ನ ಕೈಗಳ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ. ತೋರಿಸಲು ಬೇರೆ ಸರ್ಟಿಫಿಕೇಟು ಇರುವುದಿಲ್ಲವಲ್ಲ. ಶಹಾಪುರ, ಸುರಪುರದ ಸುತ್ತ ಹೊಲಗಳಿಗೆ ಸೋಲಾರ್ ಪಂಪು ಕೂಡಿಸುವುದು ನನ್ನ ಕೆಲಸ. ಪ್ಯಾನೆಲ್ಲಿನ ವೈರಿನ ತುದಿಗೆ ತಾಮ್ರದ ಪಿನ್ನು ಹಾಕಿ, ಗಟ್ಟಿಯಾಗಿ ಒತ್ತಿ, ಕನೆಕ್ಟರಿನೊಳಗೆ ಸೇರಿಸಬೇಕು. ಒತ್ತಲಿಕ್ಕೆ ಕ್ರಿಂಪಿಂಗ್ ಟೂಲ್ ಅಂತ ಬೇರೆ ಹತಾರವೇ ಇದೆ. ನಾನು ಮಾತ್ರ ಪಕ್ಕಡದಲ್ಲೇ, ಅಂದರೆ ಮಾಮೂಲಿ ಪ್ಲೇಯರಿನಲ್ಲೇ, ಒತ್ತುತ್ತಿದ್ದೆ. ಆಮೇಲೆ ಹಲ್ಲಿನಲ್ಲಿ ಹಿಡಿದು ಜಗ್ಗುವೆ. ಕಿತ್ತು ಬರಲಿಲ್ಲವೆಂದರೆ ಪಾಸು. ನನ್ನ ಜೀವನದಲ್ಲಿ ನಾನು ಪಾಸಾದ ಪರೀಕ್ಷೆಯೂ ಅದೊಂದೇ.

ಒಂದು ದಿನ ಗೋಗಿಯಿಂದ ಶಿವಮ್ಮಕ್ಕನ ಫೋನು ಬಂತು. ನಾನೇ ಕೂಡಿಸಿದ ಪಂಪು ತಿಂಗಳೊಳಗೆ ನಿಂತಿತ್ತು. ನಾನು ಹೋಗುವಷ್ಟರಲ್ಲಿ ಕಾರಣವನ್ನೂ ಅವರೇ ಹುಡುಕಿಟ್ಟಿದ್ದರು.

“ನಿನ್ನಿ ನಮ್ಮ ನೆಗೆಣ್ಣಿ ಬಂದಿದ್ಳು ತಮ್ಮಾ. ‘ಏನ್ ನೀರಕ್ಕಾ, ತೊಡಿ ದಪ್ಪ ಬೀಳಾಕತ್ತೈತಿ’ ಅಂದ್ಳು. ಇವತ್ತ ಬಂದ್ ಆತು. ಇನ್ನ ಆಕಿ ನನ್ನ ಹೊಸ್ತಲ ತುಳಿಬಾರದು.”

ಸ್ವಿಚ್ ಬಂದ್ ಮಾಡಿ ಪ್ಯಾನೆಲ್ಲಿನ ಕೆಳಗೆ ಬಗ್ಗಿದೆ. ಕನೆಕ್ಟರು ಕರಗಿ ಕರ್ರಗಾಗಿತ್ತು. ವೈರು ಮುಟ್ಟಿದರೆ ಹಾಲುಹಲ್ಲಿನಂತೆ ಸಲೀಸಾಗಿ ಕೈಗೆ ಬಂತು. ಪಿನ್ನಿನ ಮೇಲೆ ಪಕ್ಕಡದ ಗುರುತು. ಸಡಿಲಾದ ಜಾಗದಲ್ಲಿ ಕಾವು ಕೂತು ಸುಟ್ಟಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಒಂದೇ ಗೋಡೆಯ ಆಚೀಚೆ ಇರುವ ಇಬ್ಬರು ವಾರಗಿತ್ತಿಯರ ಮಾತು ಮಾತ್ರ ನಿಲ್ಲುತ್ತಿತ್ತು. ನಾಚಿಕೆಯ ಮಾತು, ಈ ಲೆಕ್ಕ ಹಾಕುತ್ತ ಒಂದು ಬೀಡಿ ಮುಗಿಸಿದೆ.

“ಅಕ್ಕಾ, ಆಕಿ ಕಣ್ಣಲ್ರಿ. ನನ್ನ ಪಕ್ಕಡ.”

“ನೀ ಆಕಿ ಕಡಿ ಮಾತಾಡಬ್ಯಾಡ.”

“ಆಕಿನ್ನ ನಾ ನೋಡೇ ಇಲ್ರಿ.”

ಪಿನ್ನು ತೋರಿಸಿದೆ. ಶಿವಮ್ಮಕ್ಕ ಅದನ್ನು ನೋಡಿದರು, ನನ್ನನ್ನು ನೋಡಿದರು. “ಹಲ್ಲಿಲೆ ಜಗ್ಗಿ ಗಟ್ಟಿ ಐತಿ ಅಂದಿದ್ದೆಲ್ಲ?”

“ಹಲ್ಲು ಗಟ್ಟಿ ಅದಾವ್ರಿ.”

ಅಲ್ಲಿಂದ ನೆಟ್ಟಗೆ ಶಹಾಪುರಕ್ಕೆ ಬಂದೆ. ಅಂಗಡಿಯವನು ಮೂರು ಟೂಲು ಮುಂದಿಟ್ಟ. ಹಗುರವಾದದ್ದಕ್ಕೆ ಕೈ ಹಾಕಿದೆ. “ಅದು ಮನಿ ವೈರಿಂಗಿಂದ್ರಿ,” ಅಂದ. ಎರಡನೆಯದು ಬ್ಯಾಟರಿ ವೈರಿನದಂತೆ. ಮೂರನೆಯದು ಭಾರ. “ವೈರಿನ ನಂಬರ್ ನೋಡಿ ಅದೇ ನಂಬರಿನ ಗುಳಿಯಾಗ ಪಿನ್ ಇಡ್ರಿ. ಪೂರಾ ಒತ್ತೋ ತನಕ ಇದು ಬಾಯಿ ಬಿಡಂಗಿಲ್ಲ.”

“ಅರ್ಧಕ್ಕ ಸಾಕು ಅನಿಸಿದ್ರ?”

“ನಿಮಗ ಅನಿಸ್ತದ. ಅದಕ್ಕ ಅನಸಂಗಿಲ್ಲ.”

ಇಪ್ಪತ್ತು ವರ್ಷ ದುಡಿದವನ ಮೇಲೆ ಒಂದು ಹತಾರಕ್ಕೆ ಇಷ್ಟು ಅಪನಂಬಿಕೆ ಇರಬಾರದು. ಆದರೂ ತಗೊಂಡೆ.

ಸಂಜೆಯೊಳಗೆ ಗೋಗಿಯ ಪಂಪು ನಡೆಯಿತು. ಶಿವಮ್ಮಕ್ಕ ನೆಗೆಣ್ಣಿಯನ್ನು ಕೂಗಿ ಕರೆದು ತೋರಿಸಿದ್ದು ನೀರನ್ನಲ್ಲ, ನನ್ನನ್ನು. ಇಬ್ಬರೂ ಕೂಡಿ ಬಹಳ ಹೊತ್ತು ನಕ್ಕರು.

ನನ್ನ ಪಕ್ಕಡ ಮುಟ್ಟಿದ ಹೊಲಗಳು ಇನ್ನೂ ಇದ್ದವು. ಒಂದೊಂದಾಗಿ ಹೊರಟೆ. ಬೋನಾಳದ ಹಿರಿಯರೊಬ್ಬರು, “ಕರೀಲಾರದ ಬಂದೀರಲ್ರಿ, ಏನಾಗ್ಯದ?” ಅಂದರು.

“ಏನಿಲ್ರಿ. ಫ್ರೀ ಚೆಕಿಂಗ್.”

ಎಲ್ಲಾ ಪಿನ್ನು ಬದಲಿಸಿ ಏಳುವಷ್ಟರಲ್ಲಿ ಅವರು ಮನೆಮಂದಿಯನ್ನೆಲ್ಲ ಕರೆದಿದ್ದರು. “ಇಂಥಾ ನಿಯತ್ತಿನ ಮನಷ್ಯಾ ಈಗ ಎಲ್ಲಿ ಸಿಗ್ತಾನ?” ಎಂದು ಹೆಗಲಿಗೆ ಹೊಸ ಟವೆಲ್ ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟು ಸನ್ಮಾನ ಮಾಡಿದರು. ನಿಜ ಹೇಳಲು ಬಾಯಿ ತೆರೆದೆ. ಗೋಗಿಯ ಆ ಇಬ್ಬರ ನಗು ನೆನಪಾಯಿತು. ಟವೆಲ್ ಜಾರದಂತೆ ಸರಿಮಾಡಿಕೊಂಡು ಕೂತೆ.