ದಡದ ಕಾವಲಿಗೆ ರಾಜೀನಾಮೆ

ಪ್ರತಿ ಕುಟುಂಬದಲ್ಲೂ ದಡದ ಮೇಲೆ ಕೂರುವುದಕ್ಕೆಂದೇ ಒಬ್ಬರು ಹುಟ್ಟಿರುತ್ತಾರೆ ಎಂದು ನನಗೆ ಬಲವಾದ ಅನುಮಾನ. ಉಳಿದವರೆಲ್ಲ ನೀರಿಗಿಳಿದು ಕೇಕೆ ಹಾಕುವಾಗ ಚಪ್ಪಲಿ, ವಾಚು, ಟವೆಲ್ಲುಗಳ ನಡುವೆ ಕಾಲು ಚಾಚಿ ಕೂತ ಆ ವ್ಯಕ್ತಿಯನ್ನು ನೀವೂ ನೋಡಿರುತ್ತೀರಿ. ನಮ್ಮ ಮನೆಯಲ್ಲಿ ಆ ಪೋಸ್ಟು ನನ್ನದೇ, ಪರ್ಮನೆಂಟ್. ಮದುವೆಯಾದ ಹೊಸದರಲ್ಲಿ ಕಾವೇರಿಯ ದಡದಲ್ಲಿ ನಮ್ಮವರು, “ನೀನು ಸಾಮಾನು ನೋಡ್ಕೋ, ಹೀಗೆ ಹೋಗಿ ಹಾಗೆ ಬಂದುಬಿಟ್ಟೆ” ಎಂದು ನೇಮಕ ಮಾಡಿದ್ದು. ನೇಮಕ ಮಾಡಿದವರು ಈಗಿಲ್ಲ, ನನಗೆ ಮಾತ್ರ ರಿಟೈರ್‌ಮೆಂಟ್ ಬರಲಿಲ್ಲ. ಡಲ್ಲಾಸ್ ಪಕ್ಕದ ಅಲೆನ್‌ನಲ್ಲಿ ಮಗಳು ವಿದ್ಯಾಳ ಮನೆಗೆ ಬಂದ ಮೇಲೂ ಅಷ್ಟೇ. ಲಿಟಲ್ ಎಲ್ಮ್‌ನ ಕೆರೆಯಾಗಲಿ, ಹ್ಯೂಸ್ಟನ್ ಆಚೆಯ ಸಮುದ್ರವಾಗಲಿ, ಎಲ್ಲರ ಫೋನು, ಕಾರಿನ ಕೀಲಿ ಬಂದು ಬೀಳುವುದು ನನ್ನ ಮಡಿಲಿಗೇ. ಟೆಕ್ಸಸ್‌ನ ಬಿಸಿಲಲ್ಲಿ ಕೂತು ನೀರು ನೋಡುವುದೆಂದರೆ ಮದುವೆಮನೆಯಲ್ಲಿ ಉಪವಾಸವಿದ್ದು ಪಂಕ್ತಿ ನೋಡಿದ ಹಾಗೆ.

ಈ ಬೇಸಿಗೆಯಲ್ಲಿ ಆಸ್ಟಿನ್‌ನ ಒಂದು ಚಿಲುಮೆ ಕೊಳಕ್ಕೆ ಹೋಗುವುದೆಂದು ಗೊತ್ತಾದಾಗ, ಸರಿ, ಕೂರುವುದಂತೂ ಕೂರುವುದೇ, ಫೋಟೋಗ್ರಫಿಯನ್ನಾದರೂ ಕಲಿಯೋಣ ಎಂದುಕೊಂಡೆ. ಇದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಸೇರಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿದ್ದ ಕಮಲಾ ಈಗ ಹ್ಯೂಸ್ಟನ್‌ನಲ್ಲಿದ್ದಾಳೆ. ನಮ್ಮ ಹಳೆಯ ಗೆಳತಿಯರ ಗ್ರೂಪಿಗೆ ದಿನಬೆಳಗಾದರೆ ಇಬ್ಬನಿ ಕೂತ ಹೂವಿನ ಫೋಟೋ ಹಾಕಿ ಎಲ್ಲರಿಂದ “ವಾವ್” ಅನ್ನಿಸಿಕೊಳ್ಳುತ್ತಾಳೆ. ಹಳೆಯ ಪುಸ್ತಕದ ಅಂಗಡಿಗೆ ಹೋಗಿ ಎರಡು ಪುಸ್ತಕ ಆರಿಸಿದೆ. ಒಂದು ಒರಳುಕಲ್ಲಿನಷ್ಟು ಭಾರ, ಒಳಗೆ ಬರೀ ಕಪ್ಪು-ಬಿಳುಪಿನ ಬೆಟ್ಟಗಳು. ಇನ್ನೊಂದು ತೆಳ್ಳಗಿನದು, ಆದರೆ ಮಹಾ ಗದರುವ ಸ್ವಭಾವದ್ದು. ನೀರಿನ ಚಿತ್ರವನ್ನು ದಡದಲ್ಲಿ ನಿಂತು ತೆಗೆಯಬೇಡಿ, ನೀರಿನ ಮಟ್ಟಕ್ಕೇ ಇಳಿಯಿರಿ ಎಂದು ಅದರಲ್ಲಿ ಖಡಾಖಂಡಿತವಾಗಿ ಬರೆದಿತ್ತು. ಕಾನ್ವೆಂಟಿನಲ್ಲಿ ಓದಿದವರಿಗೆ ಒಂದು ದೌರ್ಬಲ್ಯವಿದೆ: ಒಳ್ಳೆಯ ಇಂಗ್ಲಿಷಿನಲ್ಲಿ ಯಾರು ಆಜ್ಞೆ ಮಾಡಿದರೂ ಎದ್ದು ನಿಂತು “ಯೆಸ್, ಸಿಸ್ಟರ್” ಎಂದುಬಿಡುತ್ತೇವೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, “ಈ ಸಲ ನಾನೂ ಇಳೀತೀನಿ.”

ವಿದ್ಯಾಳ ಕೈಯ ಸೌಟು ಅಲ್ಲೇ ನಿಂತಿತು. “ಎಲ್ಲಿಗೆ?”

“ನೀರಿಗೆ.”

“ಅಮ್ಮಾ, ನಿಂಗೆ ಈಜು ಬರಲ್ಲ.”

“ಸೊಂಟದುದ್ದ ನೀರಲ್ಲಿ ನಿಂತ್ಕೊಳ್ಳೋಕೆ ಈಜು ಯಾಕೆ? ಹಳೇದೊಂದು ಕಾಟನ್ ಸೀರೆ ಉಟ್ಕೊಂಡ್ರಾಯ್ತು.”

ಮೊಮ್ಮಗಳು ತಾರಾ ಕುರ್ಚಿಯಲ್ಲೇ ಕುಣಿದಳು. “ನೋ ಸೀರೆ, ಅಜ್ಜಿ! ಯು ನೀಡ್ ಅ ಸ್ವಿಮ್‌ಸೂಟ್!”

ಹೀಗೆ ಮಾಲ್‌ಗೆ ಹೊರಟಿತು ನಮ್ಮ ಸವಾರಿ. ನನ್ನ ಎದೆ ದೀಪಾವಳಿಗೆ ಬಟ್ಟೆ ಕೊಳ್ಳಲು ಹೊರಟ ಹುಡುಗಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಆದರೆ ಜನ್ಮವಿಡೀ ಸೀರೆ ಆರಿಸಿದ ಕೈ, ಸುಮ್ಮನಿರುತ್ತದೆಯೇ? ಒಂದೊಂದನ್ನೂ ತಿರುಗಿಸಿ ಒಳಮೈ ನೋಡಿದೆ, ಬೆಳಕಿಗೆ ಹಿಡಿದೆ, ಅಂಚು ಎಳೆದೆ. ಅಂಗಡಿಯ ಹುಡುಗಿಗೆ, “ವಿಲ್ ದಿ ಕಲರ್ ರನ್?” ಎಂದು ಕೇಳಿದೆ. ನೀರಲ್ಲಿ ಹಾಕುವುದಕ್ಕೆಂದೇ ಹೊಲಿದ ಬಟ್ಟೆಯ ಬಗ್ಗೆ ಇಂಥ ಪ್ರಶ್ನೆ ಆಕೆಯ ಕಿವಿಗೆ ಬಿದ್ದದ್ದು ಅದೇ ಮೊದಲಿರಬೇಕು. ಕೊನೆಗೆ ತುಂಬುತೋಳಿನ ಮೇಲಂಗಿ, ಕೆಳಗೆ ಲೆಗ್ಗಿಂಗ್ಸ್, ಅದರ ಮೇಲೊಂದು ಲಂಗ ಇರುವ ಕಡುನೀಲಿಯದು ಸಿಕ್ಕಿತು. ಟ್ರಯಲ್ ರೂಮಿನಲ್ಲಿ ಹಾಕಿಕೊಂಡವಳೇ ನೆಲದ ಮೇಲೆ ಧಡ್ ಎಂದು ಮಂಡಿಯೂರಿದೆ.

“ಅಮ್ಮಾ! ಬಿದ್ದ್ಯಾ?” ಹೊರಗಿನಿಂದ ವಿದ್ಯಾ ಕೂಗಿದಳು.

“ಇಲ್ಲ ಕಣೇ, ಉದ್ದ ನೋಡ್ತಿದ್ದೀನಿ.”

ನಮ್ಮ ಶಾಲೆಯಲ್ಲಿ ಹಾಗೆಯೇ. ಮಂಡಿಯೂರಿದಾಗ ಸ್ಕರ್ಟ್ ನೆಲಕ್ಕೆ ತಾಗಿದರೆ ಮರ್ಯಾದಸ್ಥ ಹುಡುಗಿ, ಇಲ್ಲದಿದ್ದರೆ ಮನೆಗೆ ಚೀಟಿ. ಈ ಲಂಗ ನೆಲದಿಂದ ಒಂದು ಗೇಣು ಮೇಲೇ ನಿಂತಿತ್ತು. ಕನ್ನಡಿಯಲ್ಲಿ ಮಂಡಿಯೂರಿದ ಮುದುಕಿಯನ್ನು ನೋಡಿದೆ. ಚೀಟಿ ಕಳಿಸುವವರು ಯಾರೂ ಉಳಿದಿಲ್ಲ ಎನ್ನಿಸಿ ಒಂದು ಗಳಿಗೆ ಮನಸ್ಸು ಭಾರವಾಯಿತು, ಮರುಗಳಿಗೆ ಹಗುರವಾಯಿತು. ಅದನ್ನೇ ಕೊಂಡೆ.

ವಾಟರ್ ಶೂಸ್ ಆರಿಸುವುದು ಇನ್ನೂ ಕಷ್ಟವಾಯಿತು. ಅದರ ಅಟ್ಟೆಯ ತುಂಬ ತೂತು. “ಇದ್ರೊಳಗೆ ನೀರು ಬರಲ್ವಾ?” ಎಂದರೆ ತಾರಾ, “ಬಟ್ ಇಟ್ ಗೋಸ್ ಔಟ್ ಟೂ, ಅಜ್ಜಿ” ಎಂದಳು. ವೇದಾಂತದಂತೆ ಕೇಳಿಸಿತು. ಹಳದಿ ಬಣ್ಣದ್ದು ಆರಿಸಿ, ಮನೆಯ ಕಾರ್ಪೆಟ್ಟಿನ ಮೇಲೆ ಎರಡು ದಿನ ಓಡಾಡಿ ಅಭ್ಯಾಸ ಮಾಡಿದೆ.

ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿರುವ ವಿದ್ಯಾಳ ಸ್ನೇಹಿತೆ, ಧಾರವಾಡದ ಗಿರಿಜಾ, ಬುತ್ತಿ ಕಟ್ಟಿಕೊಂಡು ನಮ್ಮ ಜೊತೆ ಬಂದಳು. ಕೊಳ ಹಸಿರು ಗಾಜಿನ ಹಾಗಿತ್ತು. ನಾನು ಮೆಟ್ಟಿಲ ತುದಿಗೆ ಹೋಗಿ ಶೂಸ್ ಬಿಚ್ಚಿ ಜೋಡಿಸಿಟ್ಟು, ಬಗ್ಗಿ, ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡೆ.

“ಅಯ್ಯ ಆಂಟಿ,” ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು, “ನೀರಾಗ ಹಾಕ್ಕೊಳ್ಳೋ ಬೂಟ್ರೀ ಅವು! ದಂಡಿ ಮ್ಯಾಲ ಬಿಟ್ರ ಏನ್ ಬಂತ್ರಿ?”

ಚಪ್ಪಲಿ ಹಾಕಿಕೊಂಡು ನೀರು ಮೆಟ್ಟುವುದು ಹೇಗೆ, ಹೇಳಿ? ಗಂಗಮ್ಮನಿಗೆ ಮನಸ್ಸಿನಲ್ಲೇ “ಸಾರಿ” ಹೇಳಿ ಮತ್ತೆ ಹಾಕಿಕೊಂಡೆ. ಅಷ್ಟರಲ್ಲಿ ವಿದ್ಯಾ ಎಂದಿನಂತೆ, ನೋಡದೆಯೇ, ಕಾರಿನ ಕೀಲಿ ಚಾಚಿದಳು. “ಅಮ್ಮಾ, ಇದೊಂಚೂರು ಹಿಡ್ಕೋ.”

ನನ್ನ ಕೈಯೂ ನನ್ನನ್ನು ಕೇಳದೆ ಮುಂದೆ ಹೋಯಿತು. ಕೀಲಿ ಅಂಗೈಯಲ್ಲಿ ಬಿತ್ತು. ಇನ್ನೇನು, ಬೆರಳು ಮಡಚಿದರೆ ನಾನು ಮತ್ತೆ ದಡದವಳೇ. ಹೇಗೆ ಧೈರ್ಯ ಬಂತೋ, “ತಗೊಳ್ಳೇ ನಿನ್ನ ಕೀಲಿ, ನನಗೆ ಕೆಲಸ ಇದೆ” ಎಂದೆ.

“ಇಲ್ಲಿ ಕೊಡ್ರಿ, ನಾ ಕೂಡತೀನಿ,” ಎಂದಳು ಗಿರಿಜಾ. “ಮುಂಜಾನೆ ಇಷ್ಟ್ ತಣ್ಣೀರಾಗ ಯಾರ್ ಇಳೀತಾರ್ರಿ!”

ಇಳಿದೆ. ಆ ಚಳಿಗೆ ನನ್ನ ಬಾಯಲ್ಲಿ ರಾಮನೂ ಮದರ್ ಮೇರಿಯೂ ಒಟ್ಟಿಗೇ ಬಂದರು. ಮಂಡಿ, ಸೊಂಟ, ಆಮೇಲೆ ತಾರಾ ಕೈ ಹಿಡಿದುಕೊಂಡಳು, ಕತ್ತಿನವರೆಗೂ ಕೂತುಬಿಟ್ಟೆ. ಕಾಲ ಸುತ್ತ ಬೆರಳುದ್ದದ ಮೀನು. ಎರಡೂ ಕೈಯಿಂದ ನೀರು ಬಡಿದೆ, ಕೇಕೆ ಹಾಕಿದೆ, ತುರುಬು ಬಿಚ್ಚಿಹೋಯಿತು. ಫೋಟೋ ತೆಗೆಯಲೆಂದು ನೀರು ನುಗ್ಗದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೊರಳಿಗೆ ತೂಗಿಕೊಂಡಿದ್ದ ಫೋನು ತನ್ನ ಪಾಡಿಗೆ ತಾನು ತೇಲುತ್ತಿತ್ತು. ಎರಡು ಪುಸ್ತಕದ ಒಂದು ಅಕ್ಷರವೂ ನೆನಪಾಗಲಿಲ್ಲ.

ಸಂಜೆ ನೋಡಿದರೆ ಫೋನಿನಲ್ಲಿ ಇದ್ದದ್ದು ಒಂದೇ ಚಿತ್ರ, ಅದೂ ತಾನಾಗಿಯೇ ಬಿದ್ದದ್ದು. ಸುತ್ತ ಹಸಿರು, ನಡುವೆ ಮೇಲಿಂದ ಕೆಳಗೆ ಹರಡಿದ ಬೆಳ್ಳನೆಯ ಧಾರೆ. ತಾರಾ ದೊಡ್ಡದು ಮಾಡಿ ನೋಡಿ, “ಅಜ್ಜಿ, ದಟ್ಸ್ ಯುವರ್ ಹೇರ್!” ಎಂದಳು. ಇರಲಿ ಎಂದು ಗ್ರೂಪಿಗೆ ಹಾಕಿದೆ. ಕಮಲಾ ತಕ್ಷಣ ಬರೆದಳು: “ಎಂಥಾ ಮೂವ್‌ಮೆಂಟ್ ಕಣೇ! ಗಾರ್ಜಿಯಸ್! ಯಾವ ಫಾಲ್ಸ್ ಇದು?”

ನಿಜ ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ಉಳಿದವರ “ವಾವ್”ಗಳು ಸಾಲಾಗಿ ಬರತೊಡಗಿದವು. “ಆಸ್ಟಿನ್ ಹತ್ತಿರ, ಬೇಸಿಗೆಯಲ್ಲಿ ಮಾತ್ರ ಕಾಣಿಸುತ್ತೆ” ಎಂದು ಬರೆದುಬಿಟ್ಟೆ.

ಕಮಲಾ ಬರುವ ಶನಿವಾರ ಟ್ರೈಪಾಡ್ ಹೊತ್ತು ಹ್ಯೂಸ್ಟನ್‌ನಿಂದ ಹೊರಡುತ್ತಿದ್ದಾಳೆ. ಅಷ್ಟರೊಳಗೆ ಜಲಪಾತಕ್ಕೆ ಒಮ್ಮೆ ಸೀಗೇಪುಡಿ ಹಾಕಿ ತೊಳೆಯಬೇಕು.